ಕಾರಖಾನೆಯ ಬಾಗಿಲಿನ ಹಲಗೆ

ತುಮಕೂರು ಹೆದ್ದಾರಿಯಲ್ಲಿ ಪೀಣ್ಯವನ್ನು ದಾಟಿ ಮಾದನಾಯಕನಹಳ್ಳಿಯ ವರೆಗೆ ಹಬ್ಬಿರುವ ಕಾರಖಾನೆಗಳಲ್ಲಿ ಸಣ್ಣವೇ ಬಹಳ ಎಂಬುದನ್ನು ನಮ್ಮ ವಾಚಕರು ಬಲ್ಲರು. ಅಲ್ಲಿಯ ಕೆಲಸಗಾರರಿಗೆ ಸದ್ದಿಲ್ಲದೆ ಒದಗಿದ ನಷ್ಟವೊಂದನ್ನು ಕುರಿತು ನಾವು ಎರಡು ಮಾತು ಹೇಳಬೇಕಾಗಿದೆ.

ವೇಳೆ, ರಜೆ, ಶಿಕ್ಷೆ, ವಜಾ ಇವುಗಳ ನಿಯಮಗಳನ್ನು ಇಂಗ್ಲಿಷಿನಲ್ಲಿಯೂ ಬಹುಮಂದಿ ಕೆಲಸಗಾರರಿಗೆ ತಿಳಿಯುವ ನುಡಿಯಲ್ಲಿಯೂ ಬರೆಯಿಸಿ ಬಾಗಿಲ ಬಳಿ ಹಲಗೆಯ ಮೇಲೆ ಪ್ರಕಟಿಸಬೇಕೆಂದು 1946ರ ಸ್ಥಾಯೀ ಆದೇಶಗಳ ಕಾಯಿದೆಯು ವಿಧಿಸಿತ್ತು. ಮೂಲ ಕಾಯಿದೆಯಲ್ಲಿ ಇದಕ್ಕೆ 100 ಜನ ಕೆಲಸಗಾರರಿದ್ದರೆ ಸಾಕಾಗಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯು ಆ ಮಿತಿಯನ್ನು 300ಕ್ಕೆ ಏರಿಸಿದೆ. ಅದಕ್ಕಿಂತ ಚಿಕ್ಕ ಕಾರಖಾನೆಯಲ್ಲಿ ಮೇಲಧಿಕಾರಿಯ ಬಾಯಿಮಾತೇ ನಿಯಮವಾದರೆ ಬಡವನು ಯಾರನ್ನು ಕೇಳಬೇಕು?

ಸಣ್ಣ ಉದ್ಯಮವು ಕಾಯಿದೆಯ ಭಾರವನ್ನು ತಾಳದೆಂದು ಮಾಲಿಕರು ಹೇಳುವರು. ಅವರ ಕಷ್ಟವನ್ನು ನಾವು ಅಲ್ಲಗಳೆಯೆವು. ಆದರೆ ಒಂದು ಹಲಗೆಯ ಭಾರಕ್ಕೆ ಯಾವ ಕಾರಖಾನೆಯೂ ಮುಳುಗದು. ಕಾಯಿದೆ ಕೇಳದಿದ್ದರೂ ನ್ಯಾಯ ಕೇಳುತ್ತದೆ. ಕನ್ನಡಿಗನಿಗೆ ಕನ್ನಡದಲ್ಲಿ, ದೂರದಿಂದ ಬಂದ ಸೋದರನಿಗೆ ಅವನ ನುಡಿಯಲ್ಲಿ ನಿಯಮವು ತಿಳಿದಿರಲಿ.

ಕೆಲಸಗಾರರಿಗೂ ನಮ್ಮದೊಂದು ಮಾತು. 2016ರ ಏಪ್ರಿಲಿನಲ್ಲಿ ಸಿದ್ಧ ಉಡುಪಿನ ಕಾರಖಾನೆಗಳ ಸಾವಿರಾರು ಹೆಣ್ಣುಮಕ್ಕಳು ಬೆಂಗಳೂರಿನ ಬೀದಿಗಿಳಿದಾಗ, ಭವಿಷ್ಯನಿಧಿಯ ಹಣ ತೆಗೆಯುವುದನ್ನು ತಡೆದ ಹೊಸ ನಿಯಮವನ್ನು ಕೇಂದ್ರ ಸರಕಾರವು ಹಿಂದೆಗೆದುಕೊಂಡಿತು. ಒಗ್ಗಟ್ಟಿನ ಬಲ ಅಂತಹುದು. ಆದರೆ ಬೀದಿಯ ಬಲ ಸಂಜೆಗೆ ಚದರುವುದು, ಸಂಘದ ಬಲ ಉಳಿಯುವುದು. ಸಂಘದ ನೋಂದಣಿಗೆ ಅರ್ಜಿಯಿಡಲು ಇಂದಿಗೂ 7 ಜನ ಸಾಕು. ಆ ಏಳು ಮಂದಿ ಮೊದಲು ಕೇಳಬೇಕಾದದ್ದು ಆ ಹಲಗೆಯನ್ನೇ.