ಅವಲಂಬನೆಯೂ ಹಂಗೂ

ಬೇಸಾಯಗಾರನು ಸ್ವತಂತ್ರಜೀವಿಯೆಂದು ಹೊಗಳುವುದು ಲೋಕರೂಢಿಯಾಗಿದೆ. ಆದರೆ ಅವನಷ್ಟು ಹಲವು ವಿಷಯಗಳನ್ನು ನಂಬಿ ಬಾಳತಕ್ಕವರು ವಿರಳ. ಮಳೆ, ಕೆರೆ, ಎತ್ತು, ಬಿತ್ತನೆಯ ಬೀಜ, ಆಳುಕಾಳು, ಸಾಲ, ಸಂತೆಯ ಧಾರಣೆ, ಇವುಗಳಲ್ಲಿ ಯಾವುದೊಂದು ತಪ್ಪಿದರೂ ವರ್ಷದ ದುಡಿಮೆಯು ವ್ಯರ್ಥವಾಗಬಹುದು. ಹೀಗಿರಲು ಅವಲಂಬನೆಯೆಂಬ ಮಾತನ್ನು ಒಂದೇ ಅರ್ಥದಲ್ಲಿ ಹಿಡಿದು ಹಳಿಯುವುದಾಗಲಿ ಹೊಗಳುವುದಾಗಲಿ ಸರಿಯಲ್ಲ. ಅದರ ಭೇದಗಳನ್ನು ಗ್ರಾಮದ ಮುಖಂಡರೂ ಭೂಮಾಲೀಕರೂ ಅರಿತಿರುವುದು ಅವಶ್ಯಕ. ಏಕೆಂದರೆ ಇತರರನ್ನು ಅವಲಂಬಿಸಿದವರೂ ಅವರೇ, ಇತರರ ಅವಲಂಬನೆಗೆ ಪಾತ್ರರಾದವರೂ ಅವರೇ.

ಅವಲಂಬನೆಯೆಂಬ ಪದವು ಸಂಸ್ಕೃತದ ‘ಲಂಬ್’ ಎಂಬ ಧಾತುವಿನಿಂದ ಬಂದುದು. ಇಳಿಬೀಳುವುದು, ತೂಗುವುದು ಎಂದು ಅದರ ಮೂಲಾರ್ಥ. ಆಲಂಬನ, ವಿಲಂಬ, ಲಂಬ ಎಂಬುವೂ ಅದೇ ಧಾತುವಿನ ಮಾತುಗಳು. ಇದಕ್ಕೆ ಸಮನಾದ ಇಂಗ್ಲಿಷಿನ ‘ಡಿಪೆಂಡೆನ್ಸಿ’ ಎಂಬ ಪದವೂ, ಆಶ್ಚರ್ಯವೆಂಬಂತೆ, ಕೆಳಕ್ಕೆ ತೂಗುಬೀಳುವುದೆಂಬ ಅರ್ಥದ ಲ್ಯಾಟಿನ್ ಪದದಿಂದಲೇ ಹುಟ್ಟಿದೆ. ಪರರಾಜ್ಯದ ಆಳಿಕೆಗೆ ಒಳಪಟ್ಟ ಸೀಮೆಗೂ ಆ ಹೆಸರು ಸಲ್ಲುತ್ತಿತ್ತು. ಆಶ್ರಯವೆಂದರೆ ಒರಗುವುದು, ಮರೆಹೊಗುವುದು. ಆಸರೆಯೆಂಬುದು ಅದರ ತದ್ಭವ. ಅಧೀನವೆಂದರೆ ಒಬ್ಬರ ವಶದಲ್ಲಿರುವುದು. ಅದರಿಂದಲೇ ಪರಾಧೀನವೂ ಸ್ವಾಧೀನವೂ ಆದುವು. ಜಮೀನಿನ ಕಾಗದಪತ್ರಗಳಲ್ಲಿ ‘ಸ್ವಾಧೀನಾನುಭವ’ವೆಂದು ಬರೆಯುವಾಗ ಆ ಮಾತಿನ ಬೆಲೆಯೆಷ್ಟೆಂಬುದನ್ನು ಭೂಮಾಲೀಕರಿಗೆ ಹೇಳಿಕೊಡಬೇಕಾದುದಿಲ್ಲ. ಹಂಗು ಎಂಬುದು ಬೇರೆಯ ಜಾತಿಯ ಮಾತು. ಉಪಕಾರವನ್ನು ಪಡೆದವನು ಕೊಟ್ಟವನ ಎದುರಿಗೆ ತಲೆಯೆತ್ತಲಾರದ ಸ್ಥಿತಿಯೇ ಹಂಗು. ರೈತನ ಬಾಯಲ್ಲಾದರೋ ಇವೆಲ್ಲಕ್ಕೂ ಮಿಗಿಲಾಗಿ ‘ನಂಬು’ ಎಂಬ ಮಾತು ಬಳಕೆಯಲ್ಲಿದೆ: ಮಳೆ ನಂಬಿದ ಹೊಲ, ಮಗನನ್ನು ನಂಬಿದ ಮುದುಕಿ.

ಈ ಭೇದಗಳನ್ನು ಹೊಲತೋಟಗಳಲ್ಲಿಯೇ ಕಣ್ಣಾರೆ ನೋಡಬಹುದು. ಮಾವಿನ ಮರದ ಮೇಲೆ ಬೆಳೆಯುವ ಬಂದಳಿಕೆಯು ತನ್ನ ಬೇರನ್ನು ಕೊಂಬೆಯೊಳಕ್ಕೆ ಇಳಿಸಿ, ಮರವು ನೆಲದಿಂದ ಎತ್ತಿದ ನೀರನ್ನೂ ಲವಣಗಳನ್ನೂ ಹೀರುತ್ತದೆ. ಅದು ಹಸುರಾಗಿದ್ದಂತೆ ಕೊಂಬೆಯು ಸೊರಗುತ್ತದೆ. ಅಡಕೆಯ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯೂ ಮರವನ್ನೇ ಅವಲಂಬಿಸಿದೆ. ಆದರೆ ಅದು ತನ್ನ ಆಹಾರವನ್ನು ನೆಲದಲ್ಲಿರುವ ಸ್ವಂತ ಬೇರಿನಿಂದ ಪಡೆಯುತ್ತದೆ, ಮರದಿಂದ ಬೇಡುವುದು ಆಸರೆಯನ್ನು ಮಾತ್ರ. ಇನ್ನು ರಾಗಿಯ ಹೊಲದ ಅಕ್ಕಡಿಸಾಲಿನ ಅವರೆ ತೊಗರಿಗಳನ್ನು ಕಿತ್ತು ನೋಡಿದರೆ ಬೇರುಗಳಲ್ಲಿ ಸಣ್ಣ ಗಂಟುಗಳು ಕಾಣುವುವು. ಅವುಗಳಲ್ಲಿರುವ ಸೂಕ್ಷ್ಮಜೀವಿಗಳಿಗೆ ಗಿಡವು ಆಹಾರವನ್ನು ಕೊಡುತ್ತದೆ. ಅವು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆ. ಇಲ್ಲಿ ಇಬ್ಬರೂ ಅವಲಂಬಿಗಳು, ಇಬ್ಬರೂ ಆಶ್ರಯದಾತರು.

ಗ್ರಾಮಜೀವನದಲ್ಲಿಯೂ ಈ ಮೂರು ಬಗೆಗಳುಂಟು. ಜೀತವೆಂಬ ಮಾತನ್ನೇ ನೋಡತಕ್ಕದ್ದು. ಅದು ‘ಜೀವಿತ’ದ ತದ್ಭವ, ಹಳಗನ್ನಡದಲ್ಲಿ ಸಂಬಳ, ಜೀವನೋಪಾಯ ಎಂದು ಅದರ ಅರ್ಥ. ಕಾಲಕ್ರಮದಲ್ಲಿ ಸಾಲದ ದೆಸೆಯಿಂದ ತಲೆಮಾರುಗಟ್ಟಲೆ ಒಬ್ಬರ ಮನೆಯಲ್ಲಿ ದುಡಿಯುವ ದುರವಸ್ಥೆಗೆ ಆ ಹೆಸರು ಬಂದಿತು. ಆಳನ್ನು ಸಾಕುತ್ತಿರುವೆವೆಂದು ಒಡೆಯರು ಹೇಳಿಕೊಂಡರೂ, ಅಲ್ಲಿ ಬಂದಳಿಕೆಯ ಸ್ಥಾನದಲ್ಲಿದ್ದವರು ಯಾರೆಂಬುದು ವಿಚಾರಾರ್ಹವಾಗಿದೆ. ೧೯೭೬ರ ಶಾಸನವು ಜೀತಪದ್ಧತಿಯನ್ನು ರದ್ದುಮಾಡಿ ಜೀತದ ಸಾಲಗಳನ್ನು ಅಳಿಸಿಹಾಕಿತು; ಜೀತಕ್ಕಿಟ್ಟುಕೊಂಡವರಿಗೆ ಮೂರು ವರ್ಷಗಳವರೆಗೆ ಸೆರೆಯನ್ನೂ ವಿಧಿಸಿತು. ಮುಂಗಡ ಕೊಡದಿದ್ದರೆ ನಾಟಿಯ ಕಾಲಕ್ಕೆ ಆಳುಗಳು ದೊರೆಯುವುದಿಲ್ಲವೆಂಬ ಆಕ್ಷೇಪವುಂಟು. ಆಕ್ಷೇಪದಲ್ಲಿ ನಿಜಾಂಶವಿಲ್ಲದಿಲ್ಲ. ಆದರೆ ಕೂಲಿಗೆ ಸಲ್ಲುವ ಮುಂಗಡ ಬೇರೆ, ಆಳಿನ ಕಾಲನ್ನು ಕಟ್ಟುವ ಮುಂಗಡ ಬೇರೆ. ನ್ಯಾಯವಾದ ಕೂಲಿಯನ್ನು ಹೊತ್ತಿಗೆ ಸರಿಯಾಗಿ ಕೊಡುವ ಹೊಲಕ್ಕೆ ಆಳು ತಾನಾಗಿ ಬರುವನು. ಒಡೆಯನಿಗೆ ಆಳು ಬೇಕು, ಆಳಿಗೆ ಒಡೆಯನು ಬೇಕು ಎಂಬುದನ್ನು ಒಪ್ಪಿದರೆ ಹಂಗಿನ ಮಾತೇ ಇಲ್ಲ.

ಸಾಲದ ವಿಷಯದಲ್ಲಿ ಇದಕ್ಕೆ ಒಳ್ಳೆಯ ನಿದರ್ಶನವು ಕನ್ನಡನಾಡಿನಲ್ಲಿಯೇ ಇದೆ. ೧೯೦೪ರಲ್ಲಿ ಸಹಕಾರ ಪತ್ತಿನ ಸಂಘಗಳ ಶಾಸನವು ಬಂದಿತು. ಮರುವರ್ಷವೇ ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಿಂದ ಕೃಷಿ ಪತ್ತಿನ ಸಂಘವೊಂದು ಸ್ಥಾಪಿತವಾಯಿತು. ಭಾರತದಲ್ಲಿ ಆ ಬಗೆಯ ಮೊದಲನೆಯ ಸಂಘವೆಂದು ಅದು ಹೆಸರಾಗಿದೆ. ಆ ಶಾಸನದ ಮೇರೆಗೆ ಗ್ರಾಮಸಂಘಗಳ ಸದಸ್ಯರು ಸಾಮಾನ್ಯವಾಗಿ ಸಂಘದ ಋಣಕ್ಕೆ ಅಪರಿಮಿತ ಹೊಣೆಗಾರರಾಗಿದ್ದರು. ಒಬ್ಬನ ಪತ್ತಿಗೆ ಹತ್ತು ಮಂದಿ ಆಸರೆ, ಆ ಹತ್ತು ಮಂದಿಯ ಕ್ಷೇಮಕ್ಕೆ ಅವನೊಬ್ಬನು ಬಾಧ್ಯ. ಸಾಹುಕಾರನ ಹಂಗಿನಲ್ಲಿದ್ದ ರೈತನು ನೆರೆಯವರ ಅವಲಂಬಿಯಾದನು; ಆದುದರಿಂದ ಅವನ ಮಾನಕ್ಕೆ ಕುಂದು ಬರಲಿಲ್ಲ.

ಬಿತ್ತನೆಯ ಬೀಜದಲ್ಲಿ ಇನ್ನೂ ಸೂಕ್ಷ್ಮವಾದ ವಿವೇಚನೆ ಬೇಕು. ರಾಗಿ ಭತ್ತಗಳು ತಮ್ಮ ಪರಾಗದಿಂದಲೇ ಕಾಳುಕಟ್ಟುವುದರಿಂದ, ಒಳ್ಳೆಯ ತೆನೆಗಳನ್ನು ಆರಿಸಿಟ್ಟರೆ ತಳಿಯು ಹಲವು ವರ್ಷಗಳವರೆಗೆ ಕೆಡುವುದಿಲ್ಲ. ಮಿಶ್ರತಳಿಗಳ ಸಂಗತಿ ಹೀಗಲ್ಲ. ೧೯೭೨ರಲ್ಲಿ ಧಾರವಾಡದಿಂದ ಹೊರಬಂದ ವರಲಕ್ಷ್ಮಿ ಹತ್ತಿಯಂಥ ತಳಿಗಳು ಇಳುವರಿಯನ್ನು ಬಹಳವಾಗಿ ಹೆಚ್ಚಿಸಿದುವು. ಆದರೆ ಅವುಗಳ ಬೆಳೆಯಿಂದ ಎತ್ತಿಟ್ಟ ಬೀಜದಲ್ಲಿ ಗುಣಗಳು ಒಡೆದುಹೋಗುವ ಕಾರಣ ಪ್ರತಿವರ್ಷವೂ ಹೊಸ ಬೀಜವನ್ನು ಕೊಳ್ಳಲೇಬೇಕು. ಲಾಭವನ್ನು ಲೆಕ್ಕಹಾಕಿ ಕೊಳ್ಳುವುದರಲ್ಲಿ ದೋಷವಿಲ್ಲ. ಆದರೆ ಕೂಡಿಡಬಹುದಾದ ರಾಗಿಯ ಬೀಜಕ್ಕೂ ಅಂಗಡಿಯ ಬಾಗಿಲನ್ನು ಕಾಯುವುದು ಪರಾಧೀನತೆಯನ್ನು ಹಣಕೊಟ್ಟು ತಂದಂತೆ. ರೈತನು ತಾನು ಬೆಳೆದುದನ್ನು ಬೀಜಕ್ಕಾಗಿ ಕೂಡಿಡುವ, ಬಿತ್ತುವ, ವಿನಿಮಯ ಮಾಡುವ ಮತ್ತು ಮಾರುವ ಹಕ್ಕನ್ನು ೨೦೦೧ರ ಸಸ್ಯತಳಿ ಸಂರಕ್ಷಣೆಯ ಶಾಸನವು ಎತ್ತಿಹಿಡಿದಿದೆ. ವ್ಯಾಪಾರದ ಮುದ್ರೆಯೊಡನೆ ಮಾರುವುದನ್ನು ಮಾತ್ರ ನಿಷೇಧಿಸಿದೆ. ಪಣತವನ್ನೂ ಗುಡಾಣವನ್ನೂ ಬರಿದುಮಾಡಿಕೊಂಡವರಿಗೆ ಈ ಹಕ್ಕಿನಿಂದ ಪ್ರಯೋಜನವಿಲ್ಲ.

ಯಾರನ್ನೂ ಯಾವುದನ್ನೂ ಅವಲಂಬಿಸದ ಬೇಸಾಯವು ಹಿಂದೆ ಇರಲಿಲ್ಲ, ಮುಂದೆಯೂ ಇರಲಾರದು. ಸ್ವಾವಲಂಬನೆಯೆಂದರೆ ಒಂಟಿತನವೆಂದು ತಿಳಿಯಲಾಗದು. ಸ್ವಂತ ಬೇರು ನೆಲದಲ್ಲಿದ್ದು ಆಸರೆಗೆ ಮಾತ್ರ ಪರರ ಕಡೆಗೆ ಕೈಚಾಚುವುದೇ ಅದರ ನಿಜವಾದ ಅರ್ಥ. ಆದುದರಿಂದ ಭೂಮಾಲೀಕರು ತಮ್ಮ ಸಾಲ, ಬೀಜ, ಆಳುಗಳ ಲೆಕ್ಕವನ್ನು ನೋಡುವಾಗ, ಈ ಸಂಬಂಧದಿಂದ ಸೊರಗುತ್ತಿರುವವರು ಯಾರೆಂಬುದನ್ನೂ ಒಮ್ಮೆ ವಿಚಾರಿಸತಕ್ಕದ್ದು. ಸೊರಗುತ್ತಿರುವವರು ತಾವಾದರೆ ಬಿಡಿಸಿಕೊಳ್ಳುವ ಉಪಾಯವನ್ನು ಹುಡುಕಬೇಕು. ತಮ್ಮನ್ನು ನಂಬಿದವರಾದರೆ ಆ ಗಂಟನ್ನು ತಾವೇ ಸಡಿಲಿಸಬೇಕು. ಬಂದಳಿಕೆಯು ಹಣ್ಣಾಗುವ ಮೊದಲೇ ಅದನ್ನು ಕೊಂಬೆಸಹಿತ ಕಡಿಯಬೇಕೆಂಬುದನ್ನು ತೋಟಗಾರರೆಲ್ಲರೂ ಬಲ್ಲರು. ಹಣ್ಣಾದ ಮೇಲೆ ಹಕ್ಕಿಗಳು ಅದರ ಬೀಜವನ್ನು ತೋಪಿಗೆಲ್ಲ ಹರಡುವುವು.