ಚೂಳಪಂಥಕನ ಬಟ್ಟೆಯ ತುಂಡು

ನಾಲ್ಕು ಸಾಲಿನ ಒಂದು ಪದ್ಯ ನಾಲ್ಕು ತಿಂಗಳಾದರೂ ಬಾಯಿಪಾಠವಾಗದ ಹುಡುಗನನ್ನು ಏನೆಂದು ಕರೆಯುತ್ತೀರಿ? ‘ದಡ್ಡ’ ಎಂದು ತೀರ್ಮಾನಿಸಲು ಅನೇಕ ಮನೆಗಳಲ್ಲಿ ನಾಲ್ಕು ದಿನವೂ ಬೇಕಾಗುವುದಿಲ್ಲ.

ಬುದ್ಧನ ಸಂಘದಲ್ಲಿದ್ದ ಚೂಳಪಂಥಕನ ಪಾಡು ಹೀಗೆಯೇ ಇತ್ತು. ಆತ ರಾಜಗೃಹದ ಶ್ರೀಮಂತ ವರ್ತಕನೊಬ್ಬನ ಮೊಮ್ಮಗ. ಅಣ್ಣ ಮಹಾಪಂಥಕ ಮೊದಲೇ ಭಿಕ್ಷುವಾಗಿ ಹೆಸರು ಗಳಿಸಿದ್ದ. ತಮ್ಮನಿಗೆ ಪಾಠ ಹೇಳಿದವನೂ ಅವನೇ. ಆದರೆ ಹೊಸ ಸಾಲು ಕಲಿತರೆ ಹಳೆಯದು ಮರೆತುಹೋಗುತ್ತಿತ್ತು. ಕೊನೆಗೆ ಬೇಸತ್ತ ಅಣ್ಣ, ಮನೆಗೆ ಹಿಂದಿರುಗುವಂತೆ ಹೇಳಿಬಿಟ್ಟ.

ಬಾಗಿಲ ಬಳಿ ದುಃಖಿಸುತ್ತ ನಿಂತಿದ್ದವನನ್ನು ಬುದ್ಧ ತಲೆ ನೇವರಿಸಿ, ಕೈಹಿಡಿದು ಒಳಗೆ ಕರೆದೊಯ್ದ. ಇನ್ನೊಂದು ಪದ್ಯವನ್ನು ಕೊಡಲಿಲ್ಲ. ಶುಭ್ರವಾದ ಬಟ್ಟೆಯ ತುಂಡೊಂದನ್ನು ಕೊಟ್ಟು, ಕೊಳೆ ತೆಗೆಯುವುದನ್ನೇ ನೆನೆಯುತ್ತ ಅದನ್ನು ಉಜ್ಜುತ್ತಿರಲು ತಿಳಿಸಿದ. ಕೈಯ ಬೆವರು, ಧೂಳು ತಗುಲಿ ಬಟ್ಟೆ ಮಾಸಿತು. ಯಾವುದೂ ಇದ್ದಂತೆ ಇರುವುದಿಲ್ಲ, ಮನಸ್ಸಿಗೂ ರಾಗದ್ವೇಷಗಳ ಕೊಳೆ ಹೀಗೆಯೇ ಹತ್ತುತ್ತದೆ ಎಂಬುದು ಅವನಿಗೆ ಹೊಳೆಯಿತು. ಅವನು ಅಂದೇ ಅರ್ಹಂತನಾದನೆಂದು ಕಥೆ ಹೇಳುತ್ತದೆ. ಕಂಠಪಾಠ ಸೋತಲ್ಲಿ ವೀಕ್ಷಣೆ ಗೆದ್ದಿತು.

‘ಧಮ್ಮಪದ’ದ ಪಾಲಿ ವ್ಯಾಖ್ಯಾನ ಈ ಕಥೆಯನ್ನು 25ನೆಯ ಪದ್ಯದೊಂದಿಗೆ ಜೋಡಿಸಿದೆ. 26 ವರ್ಗಗಳ, 423 ಪದ್ಯಗಳ ಈ ಗ್ರಂಥದ ಎರಡನೆಯ ವರ್ಗದ ಹೆಸರು ‘ಅಪ್ಪಮಾದ’. ಕನ್ನಡದಲ್ಲಿ ‘ಪ್ರಮಾದ’ವೆಂದರೆ ತಪ್ಪು. ಪಾಲಿಯ ‘ಪಮಾದ’ ಆ ತಪ್ಪಿಗೂ ಹಿಂದಿನ ಸ್ಥಿತಿ: ಮೈಮರೆವು, ಅಸಡ್ಡೆ. ಅದು ಇಲ್ಲದಿರುವುದೇ ಅಪ್ಪಮಾದ, ಅಂದರೆ ಎಚ್ಚರ. ಬರುವ ಲೆಕ್ಕದಲ್ಲೇ ಋಣ ಚಿಹ್ನೆ ಬಿಟ್ಟುಹೋಗುವುದು ಬುದ್ಧಿ ಸಾಲದೆ ಅಲ್ಲ, ಎಚ್ಚರ ಸಾಲದೆ.

25ನೆಯ ಪದ್ಯ ಬಳಸುವ ಹೋಲಿಕೆ ಪ್ರವಾಹದ ನಡುವಿನ ದ್ವೀಪದ್ದು. ಗಂಗೆಯ ಬಯಲಿನ ಜನರಿಗೆ ಮಳೆಗಾಲದಲ್ಲಿ ಎತ್ತರದ ನೆಲವೆಂದರೆ ಜೀವ ಉಳಿಸುವ ತಾಣ. ಪರಿಶ್ರಮ, ಎಚ್ಚರ, ಸಂಯಮ, ಇಂದ್ರಿಯ ನಿಗ್ರಹ ಈ ನಾಲ್ಕೂ ಸೇರಿ ಅಂಥ ನೆಲವಾಗುತ್ತವೆ. ನೆನಪಿನ ಶಕ್ತಿ ಈ ಪಟ್ಟಿಯಲ್ಲಿ ಇಲ್ಲವೆಂಬುದನ್ನು ಗಮನಿಸಬೇಕು. ನಾಲ್ಕೂ ಅಭ್ಯಾಸದಿಂದ ಬರುವಂಥವು.

ಚೂಳಪಂಥಕನ ಬುದ್ಧಿ ಮಂದವಾದದ್ದೇಕೆ? ಹಿಂದಿನ ಜನ್ಮದಲ್ಲಿ ಜಾಣನಾಗಿದ್ದ ಆತ, ಪಾಠ ಬಾರದ ಭಿಕ್ಷುವೊಬ್ಬನನ್ನು ನಕ್ಕು ಹಂಗಿಸಿದ್ದನಂತೆ. ನಾಚಿದ ಆ ಭಿಕ್ಷು ಕಲಿಯುವುದನ್ನೇ ಬಿಟ್ಟನಂತೆ. ಪುನರ್ಜನ್ಮವನ್ನು ನಂಬುವುದು, ಬಿಡುವುದು ಅವರವರಿಗೆ ಸೇರಿದ್ದು. ಆದರೆ ಒಂದು ನಗೆಯಿಂದ ಒಬ್ಬನ ಓದು ನಿಂತುಹೋಗಬಲ್ಲದೆಂಬುದಕ್ಕೆ ಯಾವ ತರಗತಿಯಲ್ಲೂ ಸಾಕ್ಷಿ ಸಿಗುತ್ತದೆ.

ಮಹಾಪಂಥಕ ಕೆಟ್ಟ ಅಣ್ಣನಲ್ಲ. ತನಗೆ ಒಗ್ಗಿದ ದಾರಿಯೊಂದೇ ದಾರಿ ಎಂದುಕೊಂಡ, ಅಷ್ಟೆ. ‘ಅಣ್ಣನನ್ನು ನೋಡಿ ಕಲಿ’ ಎನ್ನುವ ತಂದೆತಾಯಿಯರೂ ಒಳ್ಳೆಯದನ್ನೇ ಬಯಸುತ್ತಾರೆ. ಹಾಗೆನ್ನುವ ಮೊದಲು ತಮ್ಮನ ಕೈಗೆ ಯಾವ ಬಟ್ಟೆಯ ತುಂಡು ಒಪ್ಪುತ್ತದೆಂದು ಒಮ್ಮೆ ಹುಡುಕಿ ನೋಡುವುದು ಒಳ್ಳೆಯದು.