‘ಮೊದಲಿಗಳು’ ಎಂಬ ಬಿರುದಿನ ಮರೆಯಲ್ಲಿ

ಬೆತ್ ಟ್ವೆಡಲ್ ಎಂಬ ಹೆಸರು ಬಂದಲ್ಲೆಲ್ಲ ‘ಮೊದಲ’ ಎಂಬ ಪದ ಬಾಲದಂತೆ ಹಿಂಬಾಲಿಸುತ್ತದೆ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪದಕ ಗೆದ್ದ ಮೊದಲ ಬ್ರಿಟಿಷ್ ಮಹಿಳಾ ಜಿಮ್ನಾಸ್ಟ್, ಅಲ್ಲಿ ಚಿನ್ನ ಗೆದ್ದ ಮೊದಲ ಬ್ರಿಟಿಷ್ ಮಹಿಳೆ, ಒಲಿಂಪಿಕ್ಸ್‌ನಲ್ಲಿ ವೈಯಕ್ತಿಕ ಪದಕ ತಂದ ಮೊದಲಿಗಳು. ಇದರಲ್ಲಿ ಒಂದೂ ಸುಳ್ಳಲ್ಲ. ಆದರೂ ಈ ಹೊಗಳಿಕೆಯ ಬಗ್ಗೆ ನನಗೆ ತಕರಾರಿದೆ. ಒಬ್ಬಳನ್ನು ‘ಮೊದಲಿಗಳು’ ಎಂದು ಹಾರ ಹಾಕಿ ಕೂರಿಸಿದರೆ, ಅವಳಿಗಿಂತ ಮುಂಚೆ ಯಾರೂ ಏಕಿರಲಿಲ್ಲ ಎಂದು ಕೇಳುವ ಗೋಜೇ ಇರುವುದಿಲ್ಲ.

ಕೇಳೋಣ. ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಜಿಮ್ನಾಸ್ಟಿಕ್ಸ್ ಶುರುವಾದದ್ದು 1928ರ ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ಆಗ ಇದ್ದದ್ದು ತಂಡ ಸ್ಪರ್ಧೆ ಮಾತ್ರ. ಬ್ರಿಟನ್ನಿನ ಹೆಣ್ಣುಮಕ್ಕಳು ಕಂಚು ಗೆದ್ದರು. ಮಹಿಳೆಯರಿಗೆ ವೈಯಕ್ತಿಕ ಸ್ಪರ್ಧೆಗಳು ಬಂದದ್ದು 1952ರಲ್ಲಿ. ಅಲ್ಲಿಂದ ಟ್ವೆಡಲ್‌ಳ 2012ರ ಕಂಚಿನವರೆಗೆ ಸರಿಯಾಗಿ 60 ವರ್ಷ. ಅಷ್ಟು ವರ್ಷ ಆ ದೇಶದಲ್ಲಿ ಪ್ರತಿಭೆಯೇ ಹುಟ್ಟಲಿಲ್ಲ ಎಂದು ನಂಬುವುದು ಕಷ್ಟ. 1996ರ ಅಟ್ಲಾಂಟಾದಲ್ಲಿ ಬ್ರಿಟನ್ ಗೆದ್ದ ಚಿನ್ನ ಎಲ್ಲ ಕ್ರೀಡೆ ಸೇರಿ ಒಂದೇ ಒಂದು. ಆ ಅವಮಾನದ ನಂತರ ಲಾಟರಿಯ ಹಣ ಕ್ರೀಡೆಯತ್ತ ಹರಿಯಿತು, ಪದಕಗಳು ಬರತೊಡಗಿದವು. ಅಂದರೆ ‘ಮೊದಲ’ ಎಂಬ ಪದ ಅವಳ ಗುಣಗಾನದಷ್ಟೇ ಅವಳ ದೇಶದ ಮೇಲಿನ ದೋಷಾರೋಪವೂ ಹೌದು.

ಇನ್ನು ಆಕೆಯ ಸಾಧನೆಯನ್ನೇ ನೋಡಿ. 1985ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಹುಟ್ಟಿ, ಇಂಗ್ಲೆಂಡಿನ ಚೆಷೈರ್‌ನಲ್ಲಿ ಬೆಳೆದ ಹುಡುಗಿ. ಏಳನೆಯ ವಯಸ್ಸಿನಲ್ಲಿ ಜಿಮ್ನಾಸ್ಟಿಕ್ಸ್ ಶುರು. ಅವಳ ನೆಚ್ಚಿನ ಸ್ಪರ್ಧೆ ಅನ್‌ಈವನ್ ಬಾರ್ಸ್: ಒಂದು ಎತ್ತರದ, ಒಂದು ತಗ್ಗಿನ ಸರಳು, ಒಂದನ್ನು ಬಿಟ್ಟು ಗಾಳಿಯಲ್ಲಿ ಹಾರಿ ಇನ್ನೊಂದನ್ನು ಹಿಡಿಯಬೇಕು. 2003ರಲ್ಲಿ 18ನೇ ವಯಸ್ಸಿಗೆ ವಿಶ್ವ ಕಂಚು. 2006ರಲ್ಲಿ 21ಕ್ಕೆ ವಿಶ್ವ ಚಿನ್ನ. 2009ರಲ್ಲಿ 24ಕ್ಕೆ, ಲಂಡನ್ನಿನಲ್ಲಿ, ಫ್ಲೋರ್ ಸ್ಪರ್ಧೆಯ ಚಿನ್ನ. 2010ರಲ್ಲಿ 25ಕ್ಕೆ ಮತ್ತೆ ಬಾರ್ಸ್‌ನಲ್ಲಿ ಚಿನ್ನ. ನಡುವೆ 2008ರ ಬೀಜಿಂಗ್‌ನಲ್ಲಿ ಕೇವಲ 0.025 ಅಂಕದಿಂದ ಪದಕ ತಪ್ಪಿ ನಾಲ್ಕನೆಯ ಸ್ಥಾನ. ಲಂಡನ್ ಒಲಿಂಪಿಕ್ಸ್‌ಗೆ ಕೆಲವೇ ತಿಂಗಳಿರುವಾಗ ಮೊಣಕಾಲಿನ ಶಸ್ತ್ರಚಿಕಿತ್ಸೆ. ಆಮೇಲೆ 27ರ ಹರೆಯದಲ್ಲಿ ಕಂಚು. ಕೊನೆಯಲ್ಲಿ ನೆಲಕ್ಕಿಳಿಯುವಾಗ ಕಾಲು ಹಿಂದಕ್ಕೆ ಸರಿಯಿತು. ಬೆಳ್ಳಿಗೂ ಅವಳಿಗೂ ಇದ್ದ ಅಂತರ 0.017.

ಈ ವಯಸ್ಸುಗಳನ್ನು ಬೇಕೆಂದೇ ಒಂದೊಂದಾಗಿ ಬರೆದಿದ್ದೇನೆ. ಈ ಕ್ರೀಡೆ ಬಹುಕಾಲ ಒಂದು ಮಾತನ್ನು ವೇದವಾಕ್ಯದಂತೆ ನಂಬಿತ್ತು: ಹುಡುಗಿ ಮೈನೆರೆಯುವ ಮುನ್ನವೇ ಅವಳಿಂದ ಎಲ್ಲವನ್ನೂ ತೆಗೆದುಕೊಳ್ಳಬೇಕು, ಆಮೇಲೆ ಮೈ ಭಾರವಾಗುತ್ತದೆ, ಮನಸ್ಸು ಪ್ರಶ್ನೆ ಕೇಳತೊಡಗುತ್ತದೆ. ಎಳೆಯ ಮಕ್ಕಳನ್ನು ಹಸಿವಿನಲ್ಲಿಟ್ಟು, ತೂಕ ನೋಡಿ ಗದರಿಸಿ, ಗಾಯವಾದರೂ ಬಾಯಿ ಮುಚ್ಚಿಸಿ ತಾಲೀಮು ಮಾಡಿಸುವುದಕ್ಕೆ ಈ ನಂಬಿಕೆಯೇ ಸಮರ್ಥನೆ. ಟ್ವೆಡಲ್ ನಡುವೆ ಲಿವರ್‌ಪೂಲ್‌ನಲ್ಲಿ ಪದವಿ ಓದಿ ಮುಗಿಸಿದಳು, ಆಮೇಲೂ ಗೆದ್ದಳು. ಇವಳೊಬ್ಬಳು ಅಪವಾದ ಎನ್ನುವಿರಾ? ಒಕ್ಸಾನಾ ಚುಸೊವಿಟಿನಾ ಬೀಜಿಂಗ್‌ನಲ್ಲಿ ವಾಲ್ಟ್ ಬೆಳ್ಳಿ ಗೆದ್ದಾಗ ಆಕೆಗೆ 33. ಒಬ್ಬ ಮಗನ ತಾಯಿ. ಬ್ರಿಟನ್ನಿನದೇ ಬೆಕಿ ಡೌನಿ 2019ರಲ್ಲಿ ವಿಶ್ವ ಬೆಳ್ಳಿ ಗೆದ್ದಾಗ ಆಕೆಗೂ 27. ಅಪವಾದಗಳು ಹೀಗೆ ಸಾಲುಗಟ್ಟಿದರೆ ತಪ್ಪಿರುವುದು ನಿಯಮದಲ್ಲಿ.

‘ಪದಕ ಬೇಕೆಂದರೆ ಸ್ವಲ್ಪ ಕಠಿಣವಾಗಿರಲೇಬೇಕಲ್ಲ’ ಎನ್ನುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಕಠಿಣ ಅಭ್ಯಾಸಕ್ಕೂ ಕ್ರೌರ್ಯಕ್ಕೂ ಇರುವ ವ್ಯತ್ಯಾಸ ಅವರಿಗೆ ಗೊತ್ತಿಲ್ಲವೆಂದಲ್ಲ, ಗೊತ್ತಿಲ್ಲದಂತಿರುವುದು ಅನುಕೂಲ. 2020ರಲ್ಲಿ ಬ್ರಿಟಿಷ್ ಜಿಮ್ನಾಸ್ಟ್‌ಗಳು ಬಹಿರಂಗವಾಗಿ ಮಾತಾಡತೊಡಗಿದರು. ರಿಯೊ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಏಮಿ ಟಿಂಕ್ಲರ್ ಅವರಲ್ಲೊಬ್ಬಳು. ತನಿಖೆ ನಡೆಸಿದ ವಕೀಲೆ ಆ್ಯನ್ ವೈಟ್ ಅವರ ವರದಿ 2022ರ ಜೂನ್‌ನಲ್ಲಿ ಹೊರಬಂತು. 400ಕ್ಕೂ ಹೆಚ್ಚು ಹೇಳಿಕೆಗಳು. ದೈಹಿಕ, ಮಾನಸಿಕ ಹಿಂಸೆ ಅಲ್ಲೊಂದು ಇಲ್ಲೊಂದು ಘಟನೆಯಲ್ಲ, ಆ ವ್ಯವಸ್ಥೆಯಲ್ಲೇ ಬೇರೂರಿತ್ತು ಎಂಬುದು ಅದರ ತೀರ್ಮಾನ. ವರದಿ ಪರಿಶೀಲಿಸಿದ ಅವಧಿ 2008ರಿಂದ 2020. ಅಂದರೆ ‘ಮೊದಲ’ ಪದಕಗಳಿಗೆ ದೇಶ ಚಪ್ಪಾಳೆ ತಟ್ಟುತ್ತಿದ್ದ ಕಾಲವೇ. ಟ್ವೆಡಲ್‌ಳ ಪದಕಗಳನ್ನು ಆ ಹಿಂಸೆಯ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ಆದರೆ ಚಪ್ಪಾಳೆಯ ಸದ್ದಿನಲ್ಲಿ ಅಳು ಕೇಳಿಸಲಿಲ್ಲ ಎಂಬುದಂತೂ ನಿಜ.

ಚಪ್ಪಾಳೆಯ ಯೋಗ್ಯತೆ ಏನೆಂಬುದಕ್ಕೆ ಇನ್ನೊಂದು ಸಾಕ್ಷಿ. ನಿವೃತ್ತಿಯ ಮರುವರ್ಷ, 2014ರ ಜನವರಿಯಲ್ಲಿ, ಮಹಿಳಾ ಕ್ರೀಡೆಯ ಬಗ್ಗೆಯೇ ಏರ್ಪಟ್ಟಿದ್ದ ಟ್ವಿಟರ್ ಪ್ರಶ್ನೋತ್ತರದಲ್ಲಿ ಆಕೆ ಕೂತಳು. ಹರಿದುಬಂದದ್ದು ಅವಳ ಮುಖ, ಮೈಯನ್ನು ಹೀಗಳೆಯುವ ಕೊಳಕು ಮಾತು. ಮೂರು ವಿಶ್ವ ಚಿನ್ನಗಳಿಗೂ ಅಷ್ಟೇ ಬೆಲೆ. ಹೆಣ್ಣಿನ ಮೈಯಿಂದ ಪದಕವನ್ನಷ್ಟೇ ಬೇಡುವ ಕಣ್ಣು, ಪದಕ ಸಿಕ್ಕ ಮೇಲೆ ಆ ಮೈಯನ್ನು ಹೀಗೆಯೇ ನೋಡುತ್ತದೆ.

ಆದ್ದರಿಂದ ಬೆತ್ ಟ್ವೆಡಲ್‌ಳನ್ನು ನೆನೆಯುವಾಗ ‘ಮೊದಲಿಗಳು’ ಎಂದು ನಿಲ್ಲಿಸಬೇಡಿ. 27ರ ಹೆಣ್ಣೊಬ್ಬಳು, ಶಸ್ತ್ರಚಿಕಿತ್ಸೆಯಾದ ಮೊಣಕಾಲಿನ ಮೇಲೆ, ಎಳೆಯ ಹುಡುಗಿಯರದೆಂದು ಗುತ್ತಿಗೆ ಕೊಟ್ಟಿದ್ದ ಆಟದಲ್ಲಿ ಗೆದ್ದಳು ಎನ್ನಿ. ಮಕ್ಕಳನ್ನು ಅವಸರದಿಂದ ಹಿಂಡುವವರ ಕೈಲಿದ್ದ ಏಕೈಕ ನೆಪವನ್ನು ಆ ಗೆಲುವು ಕಸಿದುಕೊಂಡಿದೆ. ಅದನ್ನು ಮತ್ತೆ ಅವರ ಕೈಗೆ ಕೊಡದಿರುವುದಷ್ಟೇ ನಮ್ಮ ಪಾಲಿನ ಕೆಲಸ.